ಎಡಗೈಗೆ ಮಾತ್ರ ಮುಲಾಮು

ಸುಣ್ಣದ ಕಲ್ಲು ನೀರಿಗೆ ಬಿದ್ದು ಅರಳುವಾಗ ಒಂದು ಬಿಸಿ ವಾಸನೆ ಏಳುತ್ತದೆ. ಚಿಕ್ಕವಳಿದ್ದಾಗ, ಗೋಡೆಗೆ ಸುಣ್ಣ ಬಳಿಯುವ ದಿನ, ಅಪ್ಪ ಹಿತ್ತಲ ಡ್ರಮ್ಮಿನ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ. ಕೈ ಹಾಕಿದರೆ ಚರ್ಮ ಕಿತ್ತು ಬರುತ್ತದೆ ಎನ್ನುತ್ತಿದ್ದರು. ಅರವತ್ತು ವರ್ಷದ ಮೇಲೆ ಅದೇ ವಾಸನೆ ಮತ್ತೆ ಮೂಗಿಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಕೋಳಿ ಫಾರಂನ ಮೂರನೇ ಶೆಡ್ಡಿನ ಹಿಂದೆ. ಆಗಷ್ಟೇ ತುಂತುರು ಮಳೆ ನಿಂತಿತ್ತು.

ಫಾರಂನಲ್ಲಿ ಒಂದು ಕೋಳಿಯೂ ಉಳಿದಿರಲಿಲ್ಲ. ಹಿಂದಿನ ಸೋಮವಾರ ಬೆಳಿಗ್ಗೆ ಆ ಶೆಡ್ಡಿನಲ್ಲಿ ಇನ್ನೂರು ಕೋಳಿಗಳು ಜುಟ್ಟು ನೀಲಿಗಟ್ಟಿ ಸತ್ತುಬಿದ್ದಿದ್ದವು. ಹಕ್ಕಿಜ್ವರ. ಮರುದಿನ ಸರ್ಕಾರಿ ತಂಡ ಬಂದು ಉಳಿದ ಹನ್ನೆರಡು ಸಾವಿರವನ್ನೂ ಕೊಂದು ಸುಟ್ಟುಹಾಕಿತು. ಶುಕ್ರವಾರ, ಅಲ್ಲಿ ಮೊಟ್ಟೆ ವಿಂಗಡಿಸುತ್ತಿದ್ದ ಹೆಂಗಸು ಅದೇ ಜ್ವರದಲ್ಲಿ ಉಸಿರು ಕಟ್ಟಿ ಸತ್ತಳು.

ಅವಳಿಗೆ ಜ್ವರ ಬಂದದ್ದು ಭಾನುವಾರ. ಕೋಳಿಗಳು ಸತ್ತದ್ದು ಸೋಮವಾರ. ಯಾರಿಂದ ಯಾರಿಗೆ? ಅಕ್ಕಪಕ್ಕದವರು ಆಗಲೇ ತೀರ್ಪು ಕೊಟ್ಟಿದ್ದರು. ಅವಳ ಮನೆಯಲ್ಲಿ ಒಂಬತ್ತು ಬಾತುಕೋಳಿಗಳಿದ್ದವು. ಬಾತುಕೋಳಿಯಿಂದ ಅವಳಿಗೆ, ಅವಳಿಂದ ಫಾರಂಗೆ. ಅವಳು ಆಸ್ಪತ್ರೆಯಲ್ಲಿದ್ದಾಗಲೇ ಆ ಒಂಬತ್ತನ್ನೂ ಮಗಳ ಕಣ್ಣೆದುರು ದೊಣ್ಣೆಯಲ್ಲಿ ಬಡಿದು ಸುಟ್ಟರು. ಪರೀಕ್ಷೆಗೆ ಒಂದು ಗರಿಯೂ ಉಳಿಯಲಿಲ್ಲ. ಮಗಳ ಹೊಸ್ತಿಲಿಗೆ ಫಿನಾಯಿಲ್ ಸುರಿದರು. ಅಂಗಡಿಯವನು ಸಾಮಾನನ್ನು ರಸ್ತೆಗೆ ಎಸೆದು, ಎತ್ತಿಕೋ ಎಂದ. ಬರುವ ಸೋಮವಾರದೊಳಗೆ ಆ ಮಗಳು ಫಾರಂನವರು ಕೊಟ್ಟಿದ್ದ ಮನೆ ಖಾಲಿ ಮಾಡಬೇಕಿತ್ತು. ಇಪ್ಪತ್ತು ವರ್ಷದ ಹುಡುಗಿ. ಹೋಗಲು ಬೇರೆ ಜಾಗವಿರಲಿಲ್ಲ.

ನನ್ನ ತಮ್ಮನ ಮಗಳು, ನನಗೆ ಸೋದರಸೊಸೆ, ಪಶುವೈದ್ಯೆ. ರೋಗ ಯಾವ ದಾರಿಯಲ್ಲಿ ಬಂತು ಎಂದು ಹುಡುಕುವುದೇ ಅವಳ ಕೆಲಸ. ಕೆಲಸಕ್ಕಿಳಿದರೆ ಊಟದ ನೆನಪಿರದು, ಹಾಗಾಗಿ ಊಟದ ಕ್ಯಾರಿಯರ್ ಹಿಡಿದು ನಾನೂ ಹೋಗುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ಈಗ ನನಗೆ ಕ್ಯಾರಿಯರ್ ಹೊರುವ ಬಡ್ತಿ ಸಿಕ್ಕಿದೆ ಎಂದು ಅವಳು ರೇಗಿಸುತ್ತಾಳೆ.

ಮೊಟ್ಟೆ ಕೋಣೆಯಲ್ಲಿ ಮೇಲ್ವಿಚಾರಕಿ ಸಿಕ್ಕಳು. ಸತ್ತವಳ ಒಡಹುಟ್ಟಿದ ಅಕ್ಕ. ಫಾರಂನವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಮೇಜಿನ ಮೇಲಿದ್ದ ಮೊಟ್ಟೆಯ ಖಾಲಿ ಟ್ರೇಗಳ ಅಟ್ಟಿಯನ್ನು ಎಡತೋಳಿನಲ್ಲಿ ಎದೆಗೆ ಒತ್ತಿ ಎತ್ತಿಟ್ಟು ನಮಗೆ ಜಾಗ ಮಾಡಿದಳು. ಬಲಗೈ ಕೋಟಿನ ಜೇಬಿನಲ್ಲಿತ್ತು.

"ಮೊದಲ ಕೋಳಿ ಸತ್ತಿದ್ದು ಯಾವತ್ತು?" — ನನ್ನ ಸೊಸೆ ಕೇಳಿದಳು.

"ಸೋಮವಾರ. ಶೆಡ್ಡಿನ ಬಾಗಿಲಲ್ಲಿರೋ ಸಾವಿನ ಪಟ್ಟೀಲಿ ನಾನೇ ಬರ್ದಿದೀನಿ."

"ನಿಮ್ಮ ತಂಗಿ ಶೆಡ್ಡಿನೊಳಗೆ ಹೋಗ್ತಿದ್ರಾ?"

"ಅವಳದು ಈ ಕೋಣೆ. ಸತ್ತ ಕೋಳಿ ಮುಟ್ಟೋ ಕೆಲಸ ಅವಳಿಗೆ ಯಾವತ್ತೂ ಇರ್ಲಿಲ್ಲ. ಆದ್ರೆ ಅವಳು ಮುಟ್ಟಿದ ಟ್ರೇ ವಾಪಸ್ ಶೆಡ್ಡಿಗೆ ಹೋಗತ್ತಲ್ಲ."

"ಬಾತುಕೋಳಿ ಸುಡಿಸಿದ್ದು ಯಾರು?"

"ನಾನೇ. ಸಾಕಬೇಡ ಅಂತ ಬಾಯಿ ಬಡ್ಕೊಂಡೆ. ಯಾವತ್ತು ನನ್ನ ಮಾತು ಕೇಳಿದ್ಲು ಅವಳು?"

ಕೈಗವಸು, ಮಾಸ್ಕುಗಳ ಬಗ್ಗೆಯೂ ವಿಚಾರಿಸಿದೆವು. ಅವು ಬೀರುವಿನಲ್ಲಿ, ಮಾಲೀಕನ ಸಹಿಯಿಲ್ಲದೆ ಬೀಗ ತೆಗೆಯುವ ಹಾಗಿಲ್ಲ. ಮೇಲ್ವಿಚಾರಕಿಯ ಹತ್ತಿರ ಮಾತ್ರ ಒಂದು ಮಾಸ್ಕು, ಒಂದು ಜೊತೆ ಕೈಗವಸು ಇರುತ್ತವೆ. ಹೇಳುತ್ತಲೇ ಅವಳು ಎಡಗೈಯಲ್ಲಿ ಪೆನ್ನು ಹಿಡಿದು ನಮ್ಮ ಹೆಸರು ಬರೆದುಕೊಂಡಳು. ಎಡಚಿ. ಅಕ್ಷರ ಮುತ್ತಿನಂತಿತ್ತು.

ಹೊರಗೆ ಬಂದು ನಾನು ಸುಣ್ಣದ ವಾಸನೆಯ ಮಾತೆತ್ತಿದೆ. ಸೊಸೆ ನಿಂತುಬಿಟ್ಟಳು.

"ಅತ್ತೆ, ಸರ್ಕಾರಿ ತಂಡ ಕೋಳಿಗಳನ್ನ ಸುಟ್ಟಿದ್ದು. ಅವರು ಸುಣ್ಣ ತಂದೇ ಇರ್ಲಿಲ್ಲ."

ಅಲ್ಲಿಂದ ಆಸ್ಪತ್ರೆಗೆ ಹೋದೆವು. ವೈದ್ಯರ ಕಾಗದದಲ್ಲಿ ಶ್ವಾಸಕೋಶದ ಸುದ್ದಿಯೇ ನಾಲ್ಕು ಪುಟವಿತ್ತು. ವಾರ್ಡಿನ ಆಯಾ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದಳು. ರೋಗಿಯನ್ನು ಮುಟ್ಟಬೇಡ ಎಂದು ಎಲ್ಲರೂ ಹೇಳಿದ್ದರಂತೆ. ಆದರೂ ಕೈಗವಸು ಹಾಕಿಕೊಂಡು ದಿನಾ ಮುಲಾಮು ಹಚ್ಚಿದ್ದಳಂತೆ. ಉಸಿರಿಗೇ ಒದ್ದಾಡುವವಳಿಗೆ ಉರಿಯೂ ಯಾಕೆ ಎಂದು.

"ಎಲ್ಲಿಗೆ ಹಚ್ಚಿದ್ರಿ?" ಎಂದೆ.

"ಎಡಗೈಗೆ. ಬೆರಳ ಸಂದಿಯೆಲ್ಲ ಬೆಂದ ಹಾಗಿತ್ತು, ಪಾಪ."

"ಬಲಗೈಗೆ?"

"ಅದು ಚೆನ್ನಾಗೇ ಇತ್ತಮ್ಮ."

ಮಧ್ಯಾಹ್ನ ಸೊಸೆ ಶೆಡ್ಡಿನ ಹಿಂದೆ ಅಗೆಸಿದಳು. ಎರಡಡಿ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಕೋಳಿಗಳು. ಮತ್ತೆ ಸುಣ್ಣ, ಮತ್ತೆ ಕೋಳಿ, ಹೀಗೆ ಐದು ಪದರ. ಒಟ್ಟು ಎಂಬತ್ತಕ್ಕಿಂತ ಹೆಚ್ಚು.

ಸಂಜೆ ಸತ್ತವಳ ಮನೆಯಲ್ಲಿ ಸೇರಿದೆವು. ಗಂಟು ಕಟ್ಟಿಟ್ಟ ಸಾಮಾನಿನ ಮೇಲೆ ಮಗಳು ಕೂತಿದ್ದಳು. ದೊಡ್ಡಕ್ಕ ಬಾಗಿಲಲ್ಲೇ ನಿಂತಳು; ಎರಡು ಸಲ ಕೆಮ್ಮಿದಳು.

"ಕೋಳಿ ಸಾಯೋಕೆ ಶುರುವಾಗಿದ್ದು ಸೋಮವಾರ ಅಲ್ಲ," ಎಂದಳು ಸೊಸೆ. "ಅದಕ್ಕೂ ಐದು ದಿನ ಮುಂಚೆ. ಶೆಡ್ಡಿನ ಬಲೆ ಹರಿದಿದೆ, ಒಳಗೆಲ್ಲ ಕಾಡುಹಕ್ಕಿ ಹಿಕ್ಕೆ. ಮೊದಲು ಕೋಳಿಗೆ, ಆಮೇಲೆ ನಿಮ್ಮ ತಂಗಿಗೆ. ಸತ್ತಿದ್ದನ್ನ ಯಾರೋ ದಿನಾ ಹೂತು ಸುಣ್ಣ ಹಾಕಿದಾರೆ. ಹೂತವರು ಇಬ್ಬರು."

"ಇಬ್ಬರು ಅಂತ ಹೇಗೆ ಹೇಳ್ತೀರಿ?" ಎಂದಳು ದೊಡ್ಡಕ್ಕ.

"ಸುಣ್ಣ ಹೇಳ್ತು. ಬರಿಗೈಯಲ್ಲಿ ಮಾಡಿದ್ರೆ ಎರಡು ಕೈಯೂ ಬೇಯಬೇಕಿತ್ತು. ಕೈಗವಸು ಹಾಕಿದ್ರೆ ಒಂದೂ ಬೇಯ್ತಿರ್ಲಿಲ್ಲ. ನಿಮ್ಮ ತಂಗಿಗೆ ಬೆಂದಿದ್ದು ಎಡಗೈ ಮಾತ್ರ. ಇದ್ದ ಒಂದು ಜೊತೇಲಿ ಬಲಗೈದು ಅವರು ಹಾಕ್ಕೊಂಡ್ರು. ಎಡಗೈದು ಯಾರು ಹಾಕ್ಕೊಂಡ್ರು? ಜೇಬಿಂದ ಬಲಗೈ ತೆಗೀರಿ."

ಅವಳು ತೆಗೆಯಲಿಲ್ಲ. ಹುಡುಗಿಯೇ ಎದ್ದು ಹೋಗಿ ದೊಡ್ಡಮ್ಮನ ಕೈಯನ್ನು ಹೊರಗೆಳೆದಳು. ಬಟ್ಟೆ ಸುತ್ತಿತ್ತು. ಬಿಚ್ಚಿದಳು. ಬೆರಳ ಸಂದಿಯೆಲ್ಲ ಬಿಳಿಚಿ, ಸುಲಿದು, ಕೀವಾಗಿತ್ತು.

"ಮಂಗಳವಾರ ಕೋಳಿ ಒಯ್ಯೋ ಲಾರಿ ಬರೋದಿತ್ತು," ಎಂದಳು ದೊಡ್ಡಕ್ಕ. "ಆ ಶೆಡ್ಡು ಅವತ್ತು ಖಾಲಿಯಾಗಿಬಿಟ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಬಲೆ ಹೊಲಿಸು ಅಂತ ಮಾಲೀಕರು ಎರಡು ತಿಂಗಳ ಹಿಂದೆ ಹೇಳಿದ್ರು. ನಾನು ಹೊಲಿಸಿರ್ಲಿಲ್ಲ. ಹೂಳೋಕೆ ಬೇರೆಯವರನ್ನ ಕರೆದ್ರೆ ಬಾಯಿಬಿಡ್ತಾರೆ. ಅವಳು ಬಿಡಲ್ಲ. ಬಿಸಿಲಿಗೆ ಸತ್ತಿವೆ ಅಂತ ಹೇಳಿದ್ದೆ. ಕೈಗವಸು ನೀನೊಂದು ನಾನೊಂದು ಅಂತ ಅವಳೇ ಅಂದ್ಲು. ಚಿಕ್ಕಂದಿಂದ ಎಲ್ಲ ಹಾಗೇ. ನಾನು ಎಡಚಿ, ಅವಳಿಗೆ ಬಲಗೈ. ಸರಿಹೋಯ್ತು."

"ಮಾಸ್ಕು?" ಸೊಸೆ ಕೇಳಿದಳು.

ದೊಡ್ಡಕ್ಕ ಎಡಗೈಯಲ್ಲಿ ಬಟ್ಟೆಯನ್ನು ಮತ್ತೆ ಸುತ್ತಲು ನೋಡಿದಳು.

"ಮಾಸ್ಕೂ ಒಂದೇ ಅಲ್ವಾ ಇದ್ದಿದ್ದು?"

"ಒಂದೇ."

"ಯಾರು ಹಾಕ್ಕೊಂಡ್ರಿ?"

ದೊಡ್ಡಕ್ಕ ಹುಡುಗಿಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. ಹುಡುಗಿ ಹಿಡಿದಿದ್ದ ಕೈಯನ್ನು ಬಿಟ್ಟಳು.

"ಅಮ್ಮ ಕೊನೇ ದಿನ ಕೂಡ ಹೇಳಿದ್ಲು, ಬಾತುಕೋಳಿ ಸಾಕಿದ್ದು ನನ್ನ ತಪ್ಪೇನೋ ಅಂತ," ಎಂದಳು. "ನೀನು ವಾರ್ಡಿನ ಕಿಟಕಿ ಹತ್ರಾನೇ ನಿಂತಿದ್ದೆ, ದೊಡ್ಡಮ್ಮ. ಹೌದು ಅಂದೆ."

ಆ ರಾತ್ರಿಯೇ ದೊಡ್ಡಕ್ಕನಿಗೆ ಜ್ವರ ಏರಿತು. ತಂಗಿ ಸತ್ತ ಕೋಣೆಗೇ ಅವಳನ್ನು ಹಾಕಿದರು. ಹೊರಗೆ ಪೊಲೀಸಿನವನೊಬ್ಬ ಕಾವಲು ಕೂತ. ಹುಡುಗಿಯ ಮನೆ ಉಳಿಯಿತು. ಅವಳ ಹೊಸ್ತಿಲಿಗೆ ಫಿನಾಯಿಲ್ ಸುರಿದವರೇ ಈಗ ದೊಡ್ಡಕ್ಕನ ಬಾಗಿಲಿಗೆ ಸುರಿದು ಬಂದರು, ಬಾಟಲಿ ಕೂಡ ಬದಲಾಯಿಸದೆ. ಅವಳಿಗೊಂದು ಗುಟುಕು ಗಂಜಿ ಒಯ್ಯಲು ಯಾರೂ ಮುಂದೆ ಬರಲಿಲ್ಲ.

ಬುಧವಾರ ನಾವು ವರದಿ ಕೊಡಲು ಆಸ್ಪತ್ರೆಗೆ ಹೋದಾಗ ಹುಡುಗಿ ವಾರ್ಡಿನ ಓಣಿಯಲ್ಲಿದ್ದಳು. ಊಟದ ಡಬ್ಬಿಗೆ ಬಟ್ಟೆ ಸುತ್ತಿ ತಂದಿದ್ದಳು. ಕಿಟಕಿಯ ಆಚೆ ದೊಡ್ಡಕ್ಕ ಅತ್ತ ತಿರುಗಿ ಮಲಗಿದ್ದಳು. ಹುಡುಗಿ ಕರೆಯಲಿಲ್ಲ. ಅದೇ ಆಯಾ ಬಂದಾಗ ಡಬ್ಬಿಯನ್ನು ಅವಳ ಕೈಗಿಟ್ಟಳು, ಚಮಚೆಯನ್ನು ಬೇರೆಯಾಗಿ ಕೊಟ್ಟಳು.

"ಎಡಗೈ ಕಡೆ ಇಡಿ," ಎಂದಳು.