ಅಮ್ಮನ ಪವರ್, ಮಾವನ ಸೈನ್

"ಅಮ್ಮ, ನೀನೀಗ ನನ್ನನ್ನ ಬೈಯೋ ಹಾಗಿಲ್ಲ. ನಿನ್ನ ಹತ್ರ ಪವರ್ ಇಲ್ಲ," ಎಂದಳು ಗುಡುಗು.

ಹಾಗೆಂದವಳು ಶೂ ಕೂಡ ಬಿಚ್ಚದೆ ಎರಡೂ ಕಾಲುಗಳನ್ನು ಸೋಫಾದ ಮೇಲೆ ಚಾಚಿ, ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದಳು.

ಗುಡುಗು ಅವಳ ಅಡ್ಡಹೆಸರು. ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಅವಳು ಪಕ್ಕದವಳ ಕಿವಿಯಲ್ಲಿ ಒಂದು ಗುಟ್ಟು ಹೇಳಿದರೆ ಸಾಕು, ಮೂರು ಬೀದಿ ಆಚೆ ಮಲಗಿದ್ದ ನಾಯಿಗಳೆಲ್ಲ ಎದ್ದು ಕೂತು, "ಹೌದೇನೋ?" ಎಂಬಂತೆ ಒಂದರ ಮುಖ ಒಂದು ನೋಡುತ್ತಿದ್ದವು.

ಫೋನಿನ ಆ ಕಡೆ ಬರೀ ಗಾಳಿ. ಅಮ್ಮನದು ವಿಂಡ್‌ಮಿಲ್ ರಿಪೇರಿ ಮಾಡುವ ಕೆಲಸ. ಆ ಕಂಬಗಳು ಎಷ್ಟು ಎತ್ತರ ಅಂದರೆ, ಬೆಳಗ್ಗೆ ಹತ್ತಲು ಶುರು ಮಾಡಿದರೆ ಊಟದ ಹೊತ್ತಿಗೆ ಅರ್ಧ ದಾರಿ. ಅಲ್ಲಿಂದ ಮೇಲಕ್ಕೆ ಮೋಡಗಳು "ಸ್ವಲ್ಪ ಸರಿಯಮ್ಮ, ಜಾಗ ಬಿಡು" ಅಂದುಕೊಂಡೇ ಓಡಾಡುತ್ತವೆ.

"ಏನಂದೆ?" ಎಂದಳು ಅಮ್ಮ.

"ಪವರ್ ಇಲ್ಲ ಅಂದೆ. ಮಾವನಿಗೆ ಕೊಟ್ಬಿಟ್ಟಿದ್ದೀಯಲ್ಲ. ನೀನೇ ಸೈನ್ ಮಾಡಿದ್ದು. ನಾನೇ ನೋಡಿದ್ದೀನಿ."

ಗಾಳಿ ಸ್ವಲ್ಪ ಹೊತ್ತು ಬೀಸಿತು.

"ಸರಿ," ಎಂದಳು ಅಮ್ಮ. "ಊಟ ಮಾಡು." ಫೋನ್ ಇಟ್ಟಳು.

ಗುಡುಗು ಗೆದ್ದಿದ್ದಳು. ಭೂಮಿ ಹುಟ್ಟಿದಾಗಿನಿಂದ ಅಮ್ಮನ ಜೊತೆ ವಾದ ಮಾಡಿ ಗೆದ್ದ ಮೊದಲ ಮಗು ಅವಳೇ ಇರಬೇಕು.

ನಡೆದದ್ದು ಇಷ್ಟು. ಮನೆಯಲ್ಲಿ ಇದ್ದವರೇ ಇಬ್ಬರು, ಅಮ್ಮ ಮತ್ತು ಗುಡುಗು. ಅಪ್ಪ ಗೋಡೆಯ ಫೋಟೋದಲ್ಲಿದ್ದ. ಅಮ್ಮನಿಗೆ ದೂರದಲ್ಲೆಲ್ಲೋ ಮೂರು ತಿಂಗಳ ಕೆಲಸ ಬಂತು. ಅದು ಮುಗಿಯುವವರೆಗೆ ಗುಡುಗು ಮಾವನ ಮನೆಯಲ್ಲಿರುವುದು ಎಂದಾಯಿತು. ಮಾವ ಅಂದರೆ ಅಮ್ಮನ ತಮ್ಮ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು.

"ಹುಡುಗಿಗೆ ಜ್ವರ ಬಂದ್ರೆ, ಬಿದ್ದು ಕೈ ಮುರ್ಕೊಂಡ್ರೆ, ಎಲ್ಲಾದ್ರೂ ಟ್ರಿಪ್ ಇದ್ರೆ, ಸೈನ್ ಮಾಡೋರು ಯಾರು?" ಎಂದು ಶಾಲೆಯ ಹೆಡ್ ಮೇಡಂ ಕೇಳಿದರು. ಹಾಗಾಗಿ ಮೂವರೂ ಒಬ್ಬ ಲಾಯರ್ ಆಂಟಿಯ ಆಫೀಸಿಗೆ ಹೋದರು.

"ಇದಕ್ಕೆ ಪವರ್ ಆಫ್ ಅಟಾರ್ನಿ ಅಂತಾರೆ," ಎಂದರು ಲಾಯರ್ ಆಂಟಿ. "ಮಗಳ ಸ್ಕೂಲು, ಆಸ್ಪತ್ರೆ, ಪ್ರಯಾಣ, ಇವನ್ನೆಲ್ಲ ನೋಡ್ಕೊಳ್ಳೋ ಅಧಿಕಾರವನ್ನ ಮೂರು ತಿಂಗಳ ಮಟ್ಟಿಗೆ ತಮ್ಮನಿಗೆ ಕೊಟ್ಟಿದ್ದೀನಿ ಅಂತ ಬರೆದಿದೆ. ಇನ್ನೊಂದು ಮುಖ್ಯವಾದ ವಿಷಯ..."

ಆ ಮುಖ್ಯವಾದ ವಿಷಯ ಗುಡುಗಿನ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಅವಳು ಚಕ್ರದ ಕುರ್ಚಿಯಲ್ಲಿ ಗಿರಗಿರನೆ ತಿರುಗುತ್ತಿದ್ದಳು. ತಿರುಗಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಹಾರಿ, ಮುಂದಿನ ವರ್ಷಕ್ಕೇ ಹೋಗಿ ಬಿತ್ತು. ಲಾಯರ್ ಆಂಟಿ ಧಡ್ ಎಂದು ಸೀಲು ಒತ್ತಿದಾಗ ಕುರ್ಚಿ ನಿಂತಿತು.

ಅವಳಿಗೆ ಕೇಳಿಸಿದ್ದು "ಕೊಟ್ಟಿದ್ದೀನಿ" ಅನ್ನುವುದೊಂದೇ. ಗುಡುಗಿನ ಲೆಕ್ಕ ನೇರವಾಗಿತ್ತು. ನಮ್ಮ ರಬ್ಬರನ್ನು ಪಕ್ಕದವಳಿಗೆ ಕೊಟ್ಟರೆ, ನಮ್ಮ ಡಬ್ಬಿಯಲ್ಲಿ ರಬ್ಬರ್ ಇರುವುದಿಲ್ಲ. ಅಷ್ಟೇ.

ಇನ್ನು ಮಾವನ ಆಳ್ವಿಕೆ. ಮಾವ ದಿನವಿಡೀ ಕಾರಿನಲ್ಲಿ ಕೂತು "ಬೇಡ ಬೇಡ, ಎಡಕ್ಕೆ ಬೇಡ, ಅಯ್ಯೋ ಫುಟ್‌ಪಾತ್ ಮೇಲೆ ಬೇಡ" ಎಂದು ಕೂಗುತ್ತಿದ್ದ. ಸಂಜೆ ಮನೆಗೆ ಬರುವಷ್ಟರಲ್ಲಿ ಅವನ ಬೇಡಗಳ ಸ್ಟಾಕ್ ಪೂರ್ತಿ ಖಾಲಿಯಾಗಿರುತ್ತಿತ್ತು.

"ಮಾವ, ರಾತ್ರಿ ಊಟಕ್ಕೆ ಬಿಸ್ಕೆಟ್ ಸಾಕಲ್ವಾ?"

"ಸಾಕು ಬಿಡು."

"ಮಾವ, ನಂಗೆ ಕೂದಲು ನೋಯ್ತಿದೆ. ಅರ್ಧ ದಿನ ರಜ ಬೇಕು."

ಮಾವ ರಜಾ ಚೀಟಿಗೆ ಸೈನ್ ಮಾಡಿದ. ರಿವರ್ಸ್ ತೆಗೆಯಲು ಹೋಗಿ ಮೋರಿಗೆ ಬಿದ್ದ ಕಾರಿನ ಹಾಗಿತ್ತು ಆ ಸೈನು.

ಹೀಗಿರುವಾಗ ಕ್ಯಾಂಪ್ ಬಂತು. ಊರಾಚೆ ದೊಡ್ಡ ಕೆರೆ, ದಡದಲ್ಲಿ ಟೆಂಟು, ಎರಡು ದಿನ ಪಾಠವಿಲ್ಲ. ಶಾಲೆಯವರು ಕೊಟ್ಟ ಫಾರಂನಲ್ಲಿ ಒಂದು ಪ್ರಶ್ನೆಯಿತ್ತು. ಮಗುವಿಗೆ ಈಜು ಬರುತ್ತದೆಯೇ? ಬರುವವರು ತಾವೇ ಹುಟ್ಟು ಹಾಕಿ ದೋಣಿ ನಡೆಸಬಹುದು. ಬಾರದವರು ದಡದಲ್ಲಿ ಕೂತು ಹಕ್ಕಿಗಳ ಚಿತ್ರ ಬರೆಯಬೇಕು.

"ಈಜು ಬರುತ್ತೇನೇ ನಿಂಗೆ?" ಎಂದ ಮಾವ, ಆಕಳಿಸುತ್ತ.

"ಈಜಾ? ತಿಮಿಂಗಿಲಗಳು ನನ್ನ ಹತ್ರ ಟ್ಯೂಷನ್‌ಗೆ ಬರ್ತವೆ."

ಮಾವ "ಹೌದು" ಎಂಬಲ್ಲಿ ಟಿಕ್ ಹಾಕಿ, ಸೈನ್ ಅನ್ನು ಮತ್ತೊಮ್ಮೆ ಮೋರಿಗೆ ಬೀಳಿಸಿದ.

ಗುಡುಗಿನ ಈಜಿನ ಕತೆ ಗೊತ್ತಿದ್ದದ್ದು ಅಮ್ಮನಿಗೊಬ್ಬಳಿಗೇ. ಒಮ್ಮೆ ಅಮ್ಮ ಅವಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದಳು. ಗುಡುಗು ಮೊದಲ ಮೆಟ್ಟಿಲಲ್ಲೇ ಅಮ್ಮನ ಕುತ್ತಿಗೆಗೆ ನೇತುಬಿದ್ದವಳು ಇಳಿಯಲೇ ಇಲ್ಲ. ಆಮೇಲೆ ಒಂದು ವಾರ ಅಮ್ಮ ಯಾರನ್ನು ನೋಡಬೇಕಾದರೂ ಇಡೀ ಮೈಯನ್ನೇ ತಿರುಗಿಸಬೇಕಾಗಿತ್ತು.

ಮರುದಿನ ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಹುಡುಗಿ, ಎಲ್ಲರೂ ಇಲಿಮರಿ ಎಂದು ಕರೆಯುವವಳು, ಕೇಳಿದಳು. "ನಿಜವಾಗ್ಲೂ ಒಬ್ಳೇ ದೋಣಿ ನಡೆಸ್ತೀಯೇನೇ? ಆ ಕೆರೆ ಎಷ್ಟು ಆಳ ಗೊತ್ತಾ? ಆನೆ ಮೇಲೆ ಆನೆ ನಿಲ್ಲಿಸಿದ್ರೂ ಮೇಲಿನ ಆನೆ ಸೊಂಡಿಲು ಕಾಣಲ್ವಂತೆ. ನಮ್ಮಣ್ಣ ಹೇಳ್ದ."

"ಅಷ್ಟೇನಾ," ಎಂದಳು ಗುಡುಗು. ಹುಟ್ಟಿದ ಮೇಲೆ ಮೊದಲ ಸಲ ಅವಳ ದನಿ ಪಕ್ಕದ ಬೆಂಚಿನವರೆಗೂ ತಲುಪಲಿಲ್ಲ. "ಏನಂದೆ?" ಎಂದು ಇಲಿಮರಿ ಎರಡು ಸಲ ಕೇಳಬೇಕಾಯಿತು.

ಈಜು ಬರಲ್ಲ ಅಂದರೆ ಇಡೀ ಕ್ಲಾಸು ನಗುತ್ತದೆ. ಆದರೆ "ನಮ್ಮಮ್ಮ ಬೇಡ ಅಂದ್ಲು" ಅಂದರೆ ಯಾರೂ ನಗುವುದಿಲ್ಲ. ಹಾಗೆನ್ನುವ ಅಮ್ಮ ಎಲ್ಲರ ಮನೆಯಲ್ಲೂ ಒಬ್ಬೊಬ್ಬಳು ಇದ್ದೇ ಇದ್ದಳು.

ಗುಡುಗಿನ ಅಮ್ಮ ಮಾತ್ರ ಬೇಡ ಅನ್ನುವುದನ್ನೇ ಬಿಟ್ಟಿದ್ದಳು. ದಿನಾ ಸಂಜೆ ಫೋನ್ ಬರುತ್ತಿತ್ತು. "ಊಟ ಆಯ್ತಾ? ಮಾವ ಹೇಳಿದ ಹಾಗೆ ಕೇಳು." ಅಷ್ಟೇ.

"ಅಮ್ಮ, ನಾನಿವತ್ತು ಹಲ್ಲುಜ್ಜಿಲ್ಲ," ಎಂದು ಗುಡುಗು ಗಾಳ ಹಾಕಿ ನೋಡಿದಳು.

"ಮಾವನಿಗೆ ಹೇಳು."

"ಹೋಮ್‌ವರ್ಕೂ ಮಾಡಿಲ್ಲ."

"ಹಾಗಾ."

ಆಮೇಲೆ ಗಾಳಿ. ಇಷ್ಟು ಒಳ್ಳೆಯ ಅಮ್ಮನನ್ನು ಇಟ್ಟುಕೊಂಡು ಏನು ಮಾಡುವುದೋ ಗುಡುಗಿಗೆ ತಿಳಿಯಲಿಲ್ಲ. ಕೆರೆಯ ವಿಷಯ ಹೇಳಬೇಕೆಂದು ಬಾಯಿ ತೆರೆದು, ಮುಚ್ಚಿಕೊಂಡಳು. ಗೆದ್ದವಳು ಹೋಗಿ ಸೋತವಳ ಹತ್ತಿರ ಸಹಾಯ ಕೇಳುವುದು ಹೇಗೆ?

ಕ್ಯಾಂಪಿಗೆ ಹೊರಡುವ ಹಿಂದಿನ ದಿನ ಶಾಲೆಗೆ ರಜ. ಮಾವ ಅವಳನ್ನು ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡು ಪಾಠಕ್ಕೆ ಹೊರಟ. ಆ ದಿನ ಕಲಿಯಲು ಬಂದವರು ಹಲ್ಲಿನ ಡಾಕ್ಟರು. ಹುಲಿಯ ಹಲ್ಲಾದರೂ ಸರಿ, ನಗುನಗುತ್ತ ಕೀಳುವಷ್ಟು ಧೈರ್ಯ. ಆದರೆ ಕ್ಲಚ್ ಕಂಡರೆ ನಡುಕ. ಅವರು ಓಡಿಸುತ್ತಿದ್ದ ಕಾರನ್ನು ಒಂದು ಬಸವನಹುಳು ಎರಡು ಸಲ ಓವರ್‌ಟೇಕ್ ಮಾಡಿತು.

ತಿರುವಿನಲ್ಲಿ ಹಾಲಿನ ವ್ಯಾನೊಂದು ಎದುರಿಗೇ ಬಂತು.

ಕಾರು ಗಕ್ಕನೆ ನಿಂತಿತು. ವ್ಯಾನಿಗೂ ಕಾರಿಗೂ ನಡುವೆ ಒಂದು ಹಾಳೆ ತೂರುವಷ್ಟು ಜಾಗ, ಅದೂ ತೆಳ್ಳಗಿನ ಹಾಳೆ.

"ನೋಡಿದ್ರಾ, ಎಷ್ಟು ಸರಿಯಾಗಿ ಬ್ರೇಕ್ ಹಾಕಿದೆ," ಎಂದರು ಡಾಕ್ಟರು, ಬೆವರು ಒರೆಸಿಕೊಳ್ಳುತ್ತ.

"ಹಾಕಿದ್ರಿ ಮೇಡಂ, ಚೆನ್ನಾಗೇ ಹಾಕಿದ್ರಿ," ಎಂದ ಮಾವ.

ಗುಡುಗು ಎರಡು ಸೀಟುಗಳ ನಡುವೆ ತಲೆ ತೂರಿಸಿ ಬಗ್ಗಿ ನೋಡಿದಳು. ಮಾವನ ಕಾಲ ಬುಡದಲ್ಲೂ ಒಂದು ಪೆಡಲ್ ಇತ್ತು. ಅವನ ಕಾಲು ಇನ್ನೂ ಅದನ್ನು ಒತ್ತಿ ಹಿಡಿದಿತ್ತು.

"ಮಾವ, ನಿನ್ನ ಹತ್ರಾನೂ ಬ್ರೇಕ್ ಇದೆಯಾ?"

"ಇರಬೇಕಲ್ಲಮ್ಮ. ಕಲಿಸೋನಿಗೊಂದು ಬೇಡ್ವಾ?"

"ಮತ್ತೆ ಡಾಕ್ಟರ್ ಆಂಟಿದು?"

"ಅವರದು ಅವರ ಹತ್ರಾನೇ ಇದೆ. ನಂಗೊಂದು ಕೊಟ್ಟ ಮಾತ್ರಕ್ಕೆ ಅವರದು ಎಲ್ಲಿಗೆ ಹೋಗುತ್ತೆ?"

ಗುಡುಗು ಹಿಂದಕ್ಕೆ ಒರಗಿ ಕೂತಳು. ಅಲ್ಲಿಂದ ಮನೆಗೆ ಬರುವವರೆಗೂ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಹುಡುಗಿ ದಾರಿಯಲ್ಲೆಲ್ಲೋ ಬಿದ್ದುಹೋದಳೇನೋ ಎಂದು ಮಾವ ನಾಲ್ಕು ಸಲ ತಿರುಗಿ ನೋಡಿದ.

ಸಂಜೆ ಗುಡುಗು ತಾನೇ ಫೋನ್ ಮಾಡಿದಳು.

"ಅಮ್ಮ, ನಾಳೆ ಸ್ಕೂಲ್ ಕ್ಯಾಂಪು. ಕೆರೆ ಹತ್ರ. ನಾನು ದೋಣಿ ನಡೆಸ್ಬೇಕು. ಈಜು ಬರುತ್ತೆ ಅಂತ ಮಾವ ಟಿಕ್ ಹಾಕಿ ಸೈನ್ ಮಾಡಿದ್ದಾನೆ."

"ಈಜು? ನಿನಗೆ?" ಎಂದಳು ಅಮ್ಮ. ಅಮ್ಮ ಮಾತು ನುಂಗಿಕೊಂಡ ಸದ್ದು ಅಷ್ಟು ದೂರದಿಂದಲೂ ಕೇಳಿಸಿತು. "ಮಾವನಿಗೆ ಫೋನ್ ಕೊಡು. ಅವನ ಹತ್ರ ಮಾತಾಡ್ತೀನಿ."

"ಕೊಡಲ್ಲ. ನೀನು ನನಗೇ ಹೇಳು."

"ನಾನೇನೇ ಹೇಳಲಿ? ನನ್ನ ಹತ್ರ ಪವರ್ ಎಲ್ಲಿದೆ..."

"ಅಮ್ಮ, ಬೇಡ ಅನ್ನು."

"ಏನು?"

"ಒಂದೇ ಒಂದ್ಸಲ ಬೇಡ ಅನ್ನಮ್ಮ. ಮೊದಲು ಅಂತಿದ್ಯಲ್ಲ, ಹಾಗೆ."

"ಬೇಡ," ಎಂದಳು ಅಮ್ಮ.

ಎಂಥ ಬೇಡ ಅದು. ವಿಂಡ್‌ಮಿಲ್ಲುಗಳನ್ನೆಲ್ಲ ಉಲ್ಟಾ ತಿರುಗಿಸಿ, ಬೆಟ್ಟ ದಾಟಿ, ಫೋನಿನಿಂದ ಹೊರಗೆ ನುಗ್ಗಿ, ಅಡುಗೆಮನೆಯ ತಟ್ಟೆಗಳನ್ನು ಗಡಗಡ ಅಲುಗಾಡಿಸಿತು. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಮಾವ ಗಾಬರಿಯಾಗಿ ನೆಲಕ್ಕೇ ಬ್ರೇಕ್ ಒತ್ತಿ, ಕೈಯಲ್ಲಿ ಸೋಪಿನ ನೊರೆಯಿದ್ದಂತೆಯೇ ಓಡಿಬಂದ. ಗುಡುಗು ಸ್ಪೀಕರ್ ಒತ್ತಿದಳು.

"ಅಕ್ಕ, ನಾನು ಕೇಳಿದ್ದೆ ಅಕ್ಕ. ಇವಳು ತಿಮಿಂಗಿಲ ಅದು ಇದು ಅಂದ್ಲು..."

"ನೀನು ನಂಬ್ದೆ. ಸೈನ್ ಮಾಡೋ ಅಧಿಕಾರ ಕೊಟ್ರೆ ಯೋಚನೆ ಮಾಡೋದು ಬೇಡ ಅಂತೇನೋ ಅರ್ಥ? ನಾಳೆ ಬೆಳಗ್ಗೆ ಬಸ್ ಹೊರಡೋ ಮುಂಚೆ ಇಬ್ಬರೂ ಸ್ಕೂಲಿಗೆ ಹೋಗಿ. ಈಜು ಬರಲ್ಲ ಅಂತ ಅವಳು ಹೆಡ್ ಮೇಡಂಗೆ ಹೇಳಲಿ. ನೀನು ಫಾರಂ ತಿದ್ದಿ ಸೈನ್ ಮಾಡು. ಕ್ಯಾಂಪಿಗೆ ಹೋಗಲಿ, ದೋಣಿ ಹತ್ತೋದು ಬೇಡ."

"ಎಲ್ಲರ ಮುಂದೆ ಹೇಳ್ಬೇಕಾ?" ಎಂದಳು ಗುಡುಗು.

"ಎಲ್ಲರ ಮುಂದೆ."

ಗುಡುಗಿನ ಕಣ್ಣ ಮುಂದೆ ಇಲಿಮರಿಯ ನಗು ಬಂದು ಹೋಯಿತು. ಆದರೂ ಅವಳು "ಹೂಂ" ಎಂದಳು.

ಅಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ಇಷ್ಟು ದಿನ ಕೂಡಿಟ್ಟುಕೊಂಡಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಉಜ್ಜದ ಹಲ್ಲು, ಮಾಡದ ಹೋಮ್‌ವರ್ಕ್, ರಾತ್ರಿಯ ಬಿಸ್ಕೆಟ್, ಕೂದಲು ನೋವಿನ ರಜ. ಅದೆಲ್ಲ ಅವಳಿಗೆ ಹೇಗೆ ಗೊತ್ತಾಯಿತೋ, ಬಹುಶಃ ಮೋಡಗಳು ಹೇಳಿರಬೇಕು. ಮಾವ ಮೆಲ್ಲಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಅಡುಗೆಮನೆ ಸೇರಿಕೊಂಡ. ಈ ಸಲ ರಿವರ್ಸ್ ಸರಿಯಾಗಿ ಹೋಯಿತು.

ಬೈದು ಬೈದು ಅಮ್ಮನಿಗೆ ಉಸಿರು ಹಿಡಿಯಿತು.

"ಮುಗೀತಾ?" ಎಂದಳು ಗುಡುಗು.

"ಇಲ್ಲ. ಇನ್ನೂ ಇದೆ. ಯಾಕೆ?"

ಗುಡುಗು ಸ್ಪೀಕರ್ ಆಫ್ ಮಾಡಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಕಾಲು ಮಡಚಿ, ಗೋಡೆಗೆ ಒರಗಿ, ಆರಾಮಾಗಿ ಕೂತಳು.

"ಏನಿಲ್ಲ," ಎಂದಳು. "ಹೇಳು."