ಎರಡು ಸಲ ಹಿಸುಕಿದರೆ

ಪತ್ರಿಕೆಗಳೆಲ್ಲ ಅದನ್ನು ಅಪಘಾತ ಎಂದು ಬರೆದವು. ರೆಫರಿಯ ಗಂಟಲಲ್ಲಿ ಇಳಿಯದೆ ಸಿಕ್ಕಿಕೊಂಡದ್ದು ಆ ಒಂದು ಪದ.

ಅವನೇ ನಡೆಸುತ್ತಿದ್ದ ಕುಸ್ತಿಯಲ್ಲಿ ಅವನ ಸ್ವಂತ ತಮ್ಮನನ್ನು ತಲೆಕೆಳಗಾಗಿ ಎತ್ತಿ ನೆಲಕ್ಕೆ ಹಾಕಿದವನು ಗೂಳಿ. ಪ್ರೇಕ್ಷಕರು ಅವನನ್ನು ಕರೆಯುತ್ತಿದ್ದುದೇ ಹಾಗೆ. ಪೋಸ್ಟರ್‌ಗಳ ಮೇಲೂ ಅದೇ ಹೆಸರು. ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಿರುತ್ತದೆ, ಯಾರು ಹೇಗೆ ಬೀಳಬೇಕೆಂಬುದೂ ಗೊತ್ತಿರುತ್ತದೆ. ಎತ್ತಿದವನು ಬೀಳುವವನ ತಲೆಯನ್ನು ಕಾಯಬೇಕು. ಅವತ್ತು ಗೂಳಿ ಕಾಯಲಿಲ್ಲ. ಹಲಗೆಗೆ ಕತ್ತು ಬಡಿದ ಸದ್ದು ಆ ಗದ್ದಲದಲ್ಲಿ ರೆಫರಿಗೊಬ್ಬನಿಗೇ ಕೇಳಿಸಿತು. ಒಂದು ಗಳಿಗೆ ತಮ್ಮ ಚೆನ್ನಾಗಿ ನಟಿಸುತ್ತಿದ್ದಾನೆ ಎಂದೇ ಅವನು ಅಂದುಕೊಂಡ. ಆಮೇಲೆ ಕೈ ಹಿಡಿದು ನೋಡಿದರೆ ಅದು ಒದ್ದೆ ಬಟ್ಟೆಯಂತಿತ್ತು.

ಕೈಗಳಿಗೆ ಜೀವ ನಿಧಾನವಾಗಿ ಮರಳಿತು. ಕಾಲುಗಳಿಗೆ ಮರಳಲಿಲ್ಲ. ಆ ದಿನದ್ದು ಏನೊಂದೂ ತಮ್ಮನಿಗೆ ನೆನಪಿರಲಿಲ್ಲ. ಅಣ್ಣ ಹೇಳಿದ್ದಷ್ಟೇ ಅವನಿಗೆ ಗೊತ್ತು. ಕುಸ್ತಿಯ ಒಳಸುದ್ದಿ ಬರೆಯುವವರು ಒಂದು ವಾರ ಅಯ್ಯೋ ಪಾಪ ಎಂದರು. ಮರುವಾರ ಗೂಳಿಗೆ ಪಟ್ಟ ಸಿಗುತ್ತದೆಯೋ ಇಲ್ಲವೋ ಎಂದು ಬರೆದರು. ಸಿಕ್ಕಿತು.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಗೂಳಿ ಮನೆಗೆ ಬರತೊಡಗಿದ. ಪ್ರತಿ ಭಾನುವಾರ ಬಾಗಿಲಲ್ಲಿ ಬೂಟು ಬಿಚ್ಚಿ, ಆ ದೊಡ್ಡ ದೇಹವನ್ನು ಬಾಗಿಸಿಕೊಂಡು ತಮ್ಮನ ಕೋಣೆಗೆ ಹೋಗಿ ಕದ ಮುಚ್ಚುತ್ತಿದ್ದ. ಒಳಗಿನಿಂದ ಇಬ್ಬರ ನಗು ಕೇಳಿಸುತ್ತಿತ್ತು. ಅಣ್ಣನೆದುರು ತಮ್ಮ ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

"ನಿನ್ನ ಕಾಲು ಕಿತ್ಕೊಂಡವನ ಜೊತೆ ಹಲ್ಲು ಕಿಸಿಯೋಕೆ ನಿಂಗೆ ನಾಚಿಕೆ ಆಗಲ್ವಾ?" ಎಂದು ರೆಫರಿ ಒಮ್ಮೆ ಕೇಳಿಯೇಬಿಟ್ಟ.

"ಅವನೇನು ಬೇಕಂತ ಮಾಡಿದ್ನಾ? ನೀನೇ ಅಲ್ಲಿದ್ಯಲ್ಲ ಅಣ್ಣ, ನೀನೇ ಹೇಳಿದ್ಯಲ್ಲ."

ಹೌದು, ಆಸ್ಪತ್ರೆಯಲ್ಲಿ ತಮ್ಮನ ಸಮಾಧಾನಕ್ಕೆಂದು ಅವನೇ ಹಾಗೆ ಹೇಳಿದ್ದ. ಈಗ ಆ ಮಾತೇ ಗೂಳಿಗೆ ರಕ್ಷೆಯಾಗಿತ್ತು.

ಇನ್ನೊಂದು ಭಾನುವಾರ ಬಾಗಿಲಾಚೆ ನಗುವಿರಲಿಲ್ಲ. ರೆಫರಿ ಕಿವಿಗೊಟ್ಟ. ಗೂಳಿಯ ಕತ್ತಿನ ಎಡಗಡೆಯ ರಕ್ತನಾಳ ಸವೆದಿದೆಯಂತೆ, ಅಲ್ಲಿ ಗಟ್ಟಿಯಾಗಿ ಒತ್ತು ಬಿದ್ದರೆ ಉಳಿಯುವುದು ಕಷ್ಟವೆಂದು ಡಾಕ್ಟರ್ ಹೇಳಿದ್ದಾರಂತೆ. "ಆಫೀಸಿಗೆ ತಿಳಿದ್ರೆ ಮನೆಗೆ ಕಳಿಸ್ತಾರೆ. ಇದೊಂದು ವರ್ಷ ಹೇಗೋ ತಳ್ತೀನಿ," ಎಂದ ಗೂಳಿ. ಬಿಟ್ಟುಬಿಡೋ ಮಾರಾಯ ಎಂದು ತಮ್ಮ ಗೋಗರೆಯುತ್ತಿದ್ದ.

ರೆಫರಿ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದ. ಮನಸ್ಸು ಎಂದೂ ಇಲ್ಲದಷ್ಟು ತಿಳಿಯಾಗಿತ್ತು.

ಅವನು ಏನನ್ನೂ ಮಾಡಬೇಕಾಗಿರಲಿಲ್ಲ. ಯೋಜನೆಯ ಸೊಗಸೇ ಅದು. ವಿಷವಿಲ್ಲ, ಆಯುಧವಿಲ್ಲ, ಸಡಿಲಿಸಿದ ಹಗ್ಗವಿಲ್ಲ. ಕುಸ್ತಿಯವರಿಗೆ ಕೈಯಲ್ಲಿ ಆಡುವ ಒಂದು ಭಾಷೆಯಿದೆ. ಹಿಡಿತದಲ್ಲಿ ಸಿಕ್ಕವನ ಕೈಯನ್ನು ರೆಫರಿ ಹಿಡಿಯುತ್ತಾನೆ. ಸಿಕ್ಕವನು ಒಮ್ಮೆ ಹಿಸುಕಿದರೆ ಚೆನ್ನಾಗಿದ್ದೇನೆ ಎಂದು, ಎರಡು ಸಲ ಹಿಸುಕಿದರೆ ಬಿಡಿಸು ಎಂದು. ರೆಫರಿ ಪಿಸುಗುಟ್ಟಿದರೆ ಹಿಡಿದವನು ಬಿಡುತ್ತಾನೆ. ಹೊರಗಿನವರ ಕಣ್ಣಿಗೆ ಅದು ರೆಫರಿ ಸೋಲು ಒಪ್ಪುತ್ತೀಯಾ ಎಂದು ಕೇಳುತ್ತಿರುವಂತೆ ಕಾಣುತ್ತದೆ. ಆ ಭಾಷೆ ಒಂದು ಸಲ ಅವನಿಗೆ ಅರ್ಥವಾಗದೆ ಹೋದರೆ ಸಾಕು.

ಎದುರಾಳಿಯೂ ಹೇಳಿಮಾಡಿಸಿದಂತೆ ಸಿಕ್ಕಿದ. ಬೆಟ್ಟ ಎಂಬ ಹೊಸ ಹುರಿಯಾಳು. ತೋಳಿನಲ್ಲಿ ಎಷ್ಟು ಬಲವಿದೆಯೆಂದು ಅವನಿಗೇ ಅಂದಾಜಿರಲಿಲ್ಲ. ಕೊನೆಯಲ್ಲಿ ಅವನು ಹಿಂದಿನಿಂದ ಗೂಳಿಯ ಕತ್ತು ಹಿಡಿಯಬೇಕು, ಗೂಳಿ ಒದ್ದಾಡಿ ಬಿಡಿಸಿಕೊಂಡು ಗೆಲ್ಲಬೇಕು, ಇಷ್ಟು ನಿಗದಿಯಾಗಿತ್ತು. ರೆಫರಿ ಬೆಟ್ಟನನ್ನು ಬಟ್ಟೆ ಬದಲಿಸುವ ಕೋಣೆಯ ಮೂಲೆಗೆ ಕರೆದ.

"ಎಡಗಡೆಯಿಂದ ತೋಳು ಹಾಕು. ಕ್ಯಾಮೆರಾಗೆ ಚೆನ್ನಾಗಿ ಕಾಣತ್ತೆ."

"ಜಾಸ್ತಿ ಅದುಮಿಬಿಟ್ರೆ ಸಾರ್? ಹಿಂದಿನಿಂದ ನಂಗೆ ಅವ್ರ ಮುಖ ಕಾಣಲ್ಲ."

"ನಾನಿಲ್ವಾ ನೋಡೋಕೆ? ನಾನು ಬಿಡು ಅನ್ನೋವರೆಗೂ ಬಿಡ್ಬೇಡ. ಒದ್ದಾಡೋದೇ ಅವನ ಕೆಲಸ. ಅದಕ್ಕೆ ಹೆದರಿ ಬಿಟ್ಯೋ, ನಾಳೆಯಿಂದ ನಿನ್ನನ್ನ ಇಲ್ಲಿಗೆ ಯಾರೂ ಕರೆಯಲ್ಲ."

ಬೆಟ್ಟ ವಿಧೇಯನಾಗಿ ತಲೆಯಾಡಿಸಿದ. ನಾಳೆ ತಪ್ಪೆಲ್ಲ ಬೀಳುವುದು ಈ ತಲೆಯ ಮೇಲೆಯೇ. ಅದಕ್ಕೆ ರೆಫರಿಗೆ ಕೊಂಚ ಕನಿಕರವಾಯಿತು, ಆದರೆ ನಿಲ್ಲಿಸುವಷ್ಟಲ್ಲ. ಸುದ್ದಿಯವರ ಮುಂದೆ ಆಡಬೇಕಾದ ಮಾತು ಆಗಲೇ ಅವನ ಬಾಯಲ್ಲಿ ಸಿದ್ಧವಿತ್ತು. ಇದೊಂದು ಅಪಘಾತ. ಆ ಪದವನ್ನು ತಾನೇ ಹೇಳುವಾಗ ಅದರ ರುಚಿ ಹೇಗಿರಬಹುದೆಂದು ಎಣಿಸಿ ನೋಡಿದ.

ಕಣಕ್ಕೆ ಹೋಗುವ ಓಣಿಯಲ್ಲಿ ಗೂಳಿ ಎದುರಾದ. ಮೈಗೆ ಎಣ್ಣೆ ಹಚ್ಚಿಕೊಂಡಿದ್ದ, ಮುಖದಲ್ಲಿ ಏನೋ ಗುಟ್ಟಿನ ಸಂತೋಷ.

"ಕುಸ್ತಿ ಮುಗಿದ ಕೂಡ್ಲೇ ಹೊರಟುಬಿಡ್ಬೇಡಿ. ನಿಮ್ಗೊಂದು ವಿಷಯ ಇದೆ."

"ಮುಗೀಲಿ, ನೋಡೋಣ," ಎಂದ ರೆಫರಿ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಬೆಟ್ಟನ ತೋಳು ಎಡಗಡೆಯಿಂದ ಸುತ್ತಿಕೊಂಡಿತು. ಗೂಳಿ ಮಂಡಿಯೂರಿದ. ರೆಫರಿ ಎರಡು ದೊಡ್ಡ ಕ್ಯಾಮೆರಾಗಳಿಗೂ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕುಳಿತು ಗೂಳಿಯ ಕೈ ಹಿಡಿದ. ಸೂರಿನಿಂದ ಇಳಿಬಿಟ್ಟ ಸಣ್ಣ ಕ್ಯಾಮೆರಾ ಒಂದಿತ್ತು. ಅದರ ಚಿತ್ರ ಮೇಲಿನ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಕುಳಿತು ಇಯರ್‌ಫೋನ್ ಮೂಲಕ ರೆಫರಿಯ ಕಿವಿಯಲ್ಲಿ ಮಾತಾಡುವ ಮುದುಕ ಮೇಲ್ವಿಚಾರಕ ಯಾವಾಗಲೂ ಗಡಿಯಾರವನ್ನು ನೋಡುತ್ತಿದ್ದನೇ ಹೊರತು ಕೈಗಳನ್ನಲ್ಲ. ಅವನನ್ನು ರೆಫರಿ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಗೂಳಿ ಎರಡು ಸಲ ಹಿಸುಕಿದ. ರೆಫರಿ ಸುಮ್ಮನಿದ್ದ. ಮತ್ತೆ ಎರಡು ಸಲ ಹಿಸುಕಿದ, ಈ ಸಲ ಉಗುರು ಊರುವಷ್ಟು.

"ಚೆನ್ನಾಗಿದ್ದಾನೆ," ಎಂದು ಬೆಟ್ಟನಿಗೆ ಪಿಸುಗುಟ್ಟಿದ. "ಇನ್ನೂ ಬಿಗಿ."

ಗೂಳಿಯ ಕಣ್ಣುಗಳು ರೆಫರಿಯ ಕಣ್ಣನ್ನು ಹುಡುಕಿದವು. ಅವನಿಗೆ ಅರ್ಥವಾಯಿತು ಎಂಬುದು ರೆಫರಿಗೆ ಕಾಣಿಸಿತು. ಅದೂ ಬೇಕಿತ್ತು ಅನ್ನಿಸಿತು. ಸುತ್ತ ಜನ ಎದ್ದು ನಿಂತು ಕುಣಿಯುತ್ತಿದ್ದರು. ಕೈ ಇನ್ನೊಮ್ಮೆ ಹಿಸುಕಿತು, ಬಲವಿಲ್ಲದೆ.

"ಅಣ್ಣ." ಕಿವಿಯಲ್ಲಿ ಕೇಳಿದ್ದು ಮುದುಕನ ದನಿಯಲ್ಲ. ಕೆಲವು ವಾರಗಳಿಂದ ಗೂಳಿ ಆಫೀಸಿನವರ ಕೈಕಾಲು ಹಿಡಿದು ಮೇಲಿನ ಕೋಣೆಯ ಕೆಲಸವನ್ನು ತಮ್ಮನಿಗೆ ಕೊಡಿಸಿದ್ದ. ರೆಫರಿ ಮನೆಯಿಂದ ಹೊರಟ ಮೇಲೆ ತಾನೇ ಕಾರು ಕಳಿಸಿ ಅವನನ್ನು ಕರೆಸಿಕೊಂಡಿದ್ದ. ಈ ಒಂದು ಕುಸ್ತಿಗೆ ಮುದುಕ ಕುರ್ಚಿ ಬಿಟ್ಟುಕೊಟ್ಟಿದ್ದ, ಅಣ್ಣನಿಗೆ ಕಿವಿಯಲ್ಲೇ ಅಚ್ಚರಿಯಾಗಲಿ ಎಂದು. ಸವೆದ ರಕ್ತನಾಳ ಯಾವ ಕಡೆಯದೆಂದು ಬಲ್ಲ ತಮ್ಮ ಗಡಿಯಾರ ನೋಡುತ್ತಿರಲಿಲ್ಲ. "ಅಣ್ಣ, ಎರಡೆರಡು ಸಲ ಹಿಸುಕ್ತಿದ್ದಾನೆ. ಮೇಲಿಂದ ಇಲ್ಲಿ ಎಲ್ರಿಗೂ ಕಾಣ್ತಿದೆ. ಯಾಕೆ ಬಿಡಿಸ್ತಿಲ್ಲ?" ಮೇಲಿನ ಕೋಣೆಯಿಂದ ಆಗಲೇ ಕೆಳಗೆ ಕರೆ ಹೋಗಿತ್ತು. ರೆಫರಿಯ ಸನ್ನೆಗೆ ಕಾಯದೆ ಕಣದ ಪಕ್ಕದಲ್ಲಿದ್ದ ಡಾಕ್ಟರ್ ಹಗ್ಗದಡಿ ನುಸುಳಿ ಬಂದ, ಇಬ್ಬರು ಬೆಟ್ಟನ ತೋಳು ಬಿಡಿಸಿದರು, ಗೂಳಿ ಕವುಚಿ ಬಿದ್ದು ಕರ್ಕಶವಾಗಿ ಉಸಿರೆಳೆದುಕೊಂಡ. ಆಮೇಲೆ ಕಿವಿಯಲ್ಲಿ ತಮ್ಮ ಮೆಲ್ಲಗೆ ಕೇಳಿದ: "ನನ್ನ ಸಲನೂ ಹೀಗೇ ಕೈ ಹಿಡ್ಕೊಂಡು ಕೂತಿದ್ಯಾ?"