ಅರವತ್ತೆಂಟು ಸೆಕೆಂಡಿನ ಎಣ್ಣೆ

ಏಪ್ರಿಲ್ 9, ಮಧ್ಯಾಹ್ನ 2.40. ಪಾವಗಡ ರಸ್ತೆಯ ಕಡಲೆಕಾಯಿ ಎಣ್ಣೆ ಮಿಲ್ಲಿನ ಮ್ಯಾನೇಜರ್ ವೀರಭದ್ರಯ್ಯ, ಟೈಪು ಮಾಡಿಸಿಕೊಂಡೇ ತಂದಿದ್ದ ದೂರನ್ನು ಠಾಣೆಯ ಮೇಜಿನ ಮೇಲಿಟ್ಟ. ಕೆಲಸದ ಹೆಂಗಸು ಮಾರಕ್ಕ, ಐವತ್ತೆರಡು ವರ್ಷ, ಮೂಟೆ ಏರಿಸುವ ಲಿಫ್ಟಿನಡಿ ಸಿಕ್ಕಿ ಸತ್ತಿದ್ದಳು. ಹಿಂದಿನ ದಿನ ಅವಳೊಂದಿಗೆ ಜಗಳವಾಡಿದ್ದ ಆಪರೇಟರ್ ಅಂಬರೀಶ್ ಬೇಕೆಂದೇ ಲಿಫ್ಟ್ ಇಳಿಸಿದ ಎಂದಿತ್ತು ದೂರು.

ಹೆಂಗಸು ಸತ್ತು ಒಂದೂವರೆ ಗಂಟೆಯಾಗಿಲ್ಲ, ಕೊಲೆಗಾರ ಆಗಲೇ ಟೈಪಾಗಿದ್ದಾನೆ ಎಂದುಕೊಂಡಳು ಸಬ್ ಇನ್‌ಸ್ಪೆಕ್ಟರ್ ವನಜಾಕ್ಷಿ. ಎಫ್‌ಐಆರ್ ದಾಖಲಾಯಿತು. ನಾಲ್ಕಕ್ಕೆ ಅಂಬರೀಶ್ ಲಾಕಪ್ಪಿನಲ್ಲಿದ್ದ. ಮರುದಿನ ನಾಲ್ಕರೊಳಗೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು. ಅಷ್ಟರಲ್ಲಿ ಬೇರೆ ಸತ್ಯ ಸಿಗದಿದ್ದರೆ ಅವನು ಜೈಲಿಗೆ.

"ನಿಮ್ಮೋರ ಹುಡುಗ ಅಂತ ಕೇಸು ಸಡಿಲ ಆಗ್ಬಾರ್ದು ಮೇಡಂ," ಎಂದು ಹೊರಡುವಾಗ ವೀರಭದ್ರಯ್ಯ ನಕ್ಕ.

ಬಿಟ್ಟರೆ ಜಾತಿ ನೋಡಿ ಬಿಟ್ಟಳು ಎನ್ನುತ್ತಾರೆ. ಹಾಕಿದರೆ, ಅವರ ಹೆಣ್ಣುಮಗಳೇ ಹಾಕಿದಳಲ್ಲ, ಇನ್ನೇನು ಸಾಕ್ಷಿ ಬೇಕು ಎನ್ನುತ್ತಾರೆ. ಆ ಎರಡು ಗೋಡೆಗಳ ನಡುವೆಯೇ ವನಜಾಕ್ಷಿ ಎಂಟು ವರ್ಷ ಸರ್ವಿಸು ಮಾಡಿದ್ದಳು.

"ಲಿಫ್ಟಿನ ಲಿವರ್ ಮುಟ್ಟಿದ್ಯೇನೋ?" ಎಂದು ಲಾಕಪ್ಪಿನಲ್ಲಿದ್ದ ಅಂಬರೀಶನನ್ನು ಕೇಳಿದಳು.

"ಇಲ್ಲ ಮೇಡಂ. ಲಾಕ್ ಹಾಕಿ ಊಟಕ್ಕೆ ಕೂತಿದ್ದೆ."

"ಜಗಳ?"

"ನನ್ ಟೀ ಲೋಟ ಒಡೆದಾಕಿದ್ಲು, ಬೈದೆ. ಅತ್ತೆ ಆಗ್ಬೇಕು ಅವ್ಳು ನಂಗೆ."

"ಲಿಫ್ಟ್ ಯಾಕೆ ಎತ್ತಲಿಲ್ಲ?"

"ಕರೆಂಟು ಹೋಗಿತ್ತು, ಮೋಟ್ರು ಓಡಲ್ಲ. ಭುಜ ಕೊಟ್ಟು ನಿಂತೆ." ಅಂಗಿ ಸರಿಸಿದ. ಭುಜದ ಚರ್ಮ ಕಿತ್ತು ಬಂದಿತ್ತು.

ಸಂಜೆ 5.30, ಸ್ಥಳ ಪಂಚನಾಮೆ. "ಲಿಫ್ಟಿನಡಿಗೆ ನಮ್ಮಲ್ಲಿ ಯಾರೂ ಹೋಗೋದೇ ಇಲ್ಲ," ಎಂದ ವೀರಭದ್ರಯ್ಯ.

ಮಾರಕ್ಕನ ಜೊತೆಗಿದ್ದ ಮಿಡಿಗೇಶಿಯ ರಾಮಾಂಜಿನಮ್ಮ ಸೆರಗು ಕಟ್ಟಿ ಮುಂದೆ ಬಂದಳು. "ಹೋಗಲ್ವಾ? ಚೆಲ್ಲಿದ್ ಕಾಯಿ ನಿಮ್ದೇ ಕಣ್ರಮ್ಮಾ, ಕೂಲಿ ಜಾಸ್ತಿ ಕೇಳ್ಬೇಡಿ ಅಂದೋರು ಯಾರು? ಊಟದೊತ್ನಾಗೆ ಲಿಫ್ಟು ಮೇಲೆ ನಿಲ್ಸಿರ್ತಾರೆ, ನಾವು ತೆವ್ಳಿಕೊಂಡೋಗಿ ಆಯ್ಕಂತೀವಿ. ಹತ್ತು ವರ್ಸದಿಂದ."

"ಲಿಫ್ಟ್ ದಡ್ ಅಂತ ಬಿತ್ತಾ?" ಎಂದಳು ವನಜಾಕ್ಷಿ.

"ಬೀಳ್ಲಿಲ್ಲ ಕಣವ್ವಾ, ಇಳೀತು. ಸದ್ದೇ ಇಲ್ಲ. ನಾನು ಬಾಯ್ಕಡೆ ಇದ್ದೆ, ತೆವ್ಳಿ ಬಂದ್ಬುಟ್ಟೆ. ಅವ್ಳು ಮೂಲೇಲಿದ್ಲು. ರಾಮಾಂಜೀ, ಬೆನ್ನಿಗೆ ತಾಗ್ತೈತೆ ಕಣೇ ಅಂದ್ಲು. ಆಮೇಲೆ ತಿರುಗೋಕೂ ಆಗ್ಲಿಲ್ಲ ಅವ್ಳಿಗೆ."

ವನಜಾಕ್ಷಿ ಲಿವರ್ ಎಳೆಸಿ ನೋಡಿದಳು. ಲಿಫ್ಟು ಬುಸ್ಸೆಂದು ಹನ್ನೆರಡು ಸೆಕೆಂಡಿನಲ್ಲಿ ನೆಲ ಮುಟ್ಟಿತು. ಮತ್ತೆ ಏರಿಸಿ, ಮೂಟೆ ಹೇರಿ, ಲಾಕ್ ಹಾಕಿಸಿದಳು. ಹೆಡ್ ಕಾನ್‌ಸ್ಟೆಬಲ್ ಚಿರಂಜೀವಿ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದ. ಯಾರೂ ಮುಟ್ಟದೆ, ಹತ್ತು ನಿಮಿಷಕ್ಕೆ ಲಿಫ್ಟು ಗೆರೆಯಿಂದ ಒಂದು ಗೇಣು ಕೆಳಗಿತ್ತು.

ಲಿಫ್ಟನ್ನು ಹಿಡಿದು ನಿಲ್ಲಿಸುವುದು ಅದರ ಸಿಲಿಂಡರಿನೊಳಗಿನ ಹೈಡ್ರಾಲಿಕ್ ಎಣ್ಣೆ. ಅದು ತೆಳ್ಳಗಾದರೆ ವಾಲ್ವಿನ ಸಂದಿಯಲ್ಲೇ ನುಸುಳುತ್ತದೆ. ಯಂತ್ರದ ತಗಡಿನ ಮೇಲೆ ಬೇಕಾದ ಸ್ನಿಗ್ಧತೆ, ಅಂದರೆ ಎಣ್ಣೆಯ ಮಂದತನ, ಕೆತ್ತಿತ್ತು: 68 ಸೆಂಟಿಸ್ಟೋಕ್ಸ್. ಕಳೆದ ತಿಂಗಳು ಎಣ್ಣೆ ಬದಲಿಸಿದ ಮೆಕ್ಯಾನಿಕ್ ಬಸವೇಶ್ ರಿಜಿಸ್ಟರಿನಲ್ಲಿ ಬರೆದದ್ದೂ 68 ಸೆಂಟಿಸ್ಟೋಕ್ಸ್. ಎಲ್ಲ ಸರಿಯಾಗಿತ್ತು. ವನಜಾಕ್ಷಿ ರಿಜಿಸ್ಟರ್ ಜಪ್ತಿ ಮಾಡಿ, ಎಣ್ಣೆಯ ಒಂದು ಸೀಸೆಯನ್ನು ಸೀಲು ಮಾಡಿಸಿ, ಇನ್ನೊಂದನ್ನು ತುಮಕೂರಿನ ಕಾಲೇಜೊಂದರ ಲ್ಯಾಬಿಗೆ ಕಳಿಸಿದಳು.

ಏಪ್ರಿಲ್ 10, ಬೆಳಗ್ಗೆ 11.15. ವರದಿ ಬಂತು: 0.125 ಸ್ಟೋಕ್ಸ್.

"ಲೀಟ್ರು, ಕೇಜಿ ಗೊತ್ತು ಮೇಡಂ. ಇದ್ಯಾವ್ ಸ್ಟೋಕ್ಸು?" ಎಂದ ಚಿರಂಜೀವಿ.

"ಒಂದು ಸ್ಟೋಕ್ಸ್ ಅಂದ್ರೆ ನೂರು ಸೆಂಟಿಸ್ಟೋಕ್ಸ್. ಗುಣಿಸಿ."

"ಹನ್ನೆರಡೂವರೆ."

"ಬೇಕಿದ್ದದ್ದು ಅರವತ್ತೆಂಟು."

ಇಬ್ಬರೂ ಮಿಲ್ಲಿನ ಶೆಡ್ಡಿಗೆ ಹೋದರು. ಹೊಸ ಎಣ್ಣೆಯ ಡ್ರಮ್ಮಿನ ಮೇಲೂ 68 ಇತ್ತು. ಆದರೆ ಪಕ್ಕದಲ್ಲಿ ಸೇಬೋಲ್ಟ್ ಸೆಕೆಂಡ್ ಎಂದಿತ್ತು. ಲ್ಯಾಬಿನ ಮೇಷ್ಟ್ರು ಫೋನಿನಲ್ಲಿ ಬಿಡಿಸಿ ಹೇಳಿದರು: ಬಟ್ಟಲಿನ ಸಣ್ಣ ತೂತಿನಿಂದ ಎಣ್ಣೆ ಸುರಿದು ಮುಗಿಯಲು ಹಿಡಿಯುವ ಸೆಕೆಂಡುಗಳ ಅಳತೆ ಅದು. ಅರವತ್ತೆಂಟು ಸೆಕೆಂಡಿನ ಎಣ್ಣೆ ಎಂದರೆ ಹನ್ನೆರಡೂವರೆ ಸೆಂಟಿಸ್ಟೋಕ್ಸ್.

"ಹಂಗಾದ್ರೆ ಕಣ್ತಪ್ಪು," ಎಂದ ಚಿರಂಜೀವಿ.

ವನಜಾಕ್ಷಿ ರಿಜಿಸ್ಟರಿನ ಹಳೆಯ ಹಾಳೆಗಳನ್ನು ತಿರುವಿದಳು. ಅದೇ ಕೈಬರಹ, ಮೂರು ವರ್ಷ, ಪ್ರತಿ ಡ್ರಮ್ಮಿಗೂ: 315 ಸೆಕೆಂಡು, ಅಂದರೆ 68 ಸೆಂಟಿಸ್ಟೋಕ್ಸ್. ಪರಿವರ್ತಿಸಲು ಬಾರದವನಲ್ಲ ಬಸವೇಶ್. ಈ ಒಂದು ಸಲ ಮಾತ್ರ ಪರಿವರ್ತಿಸಿರಲಿಲ್ಲ.

ಮಧ್ಯಾಹ್ನ 1.50ಕ್ಕೆ ಅವನು ಠಾಣೆಯ ಬೆಂಚಿನ ಮೇಲಿದ್ದ. ಹಾಳೆಗಳನ್ನು ಮುಂದಿಟ್ಟಾಗ ನೋಡಲಿಲ್ಲ.

"ಎಣ್ಣೆ ತೆಳು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಹೆಂಗಸರು ಕೆಳಗೆ ಹೋಗ್ತಾರೆ ಅಂತ?"

"ಗೊತ್ತಿತ್ತು ಮೇಡಂ."

"ಮತ್ಯಾಕೆ ಬರೆದೆ?"

"ಮ್ಯಾನೇಜರು ತರಿಸಿದ ಡ್ರಮ್ಮು. ಇದು ಆಗಲ್ಲ ಸಾರ್ ಅಂದೆ. ಅಲ್ಲೂ ಅರವತ್ತೆಂಟು, ಇಲ್ಲೂ ಅರವತ್ತೆಂಟು, ಮುಚ್ಕೊಂಡ್ ಬರಿ ಅಂದ್ರು. ಹೋದ್ವರ್ಷ ಹಿಂಗೇ ಮಿಷಿನ್ ನಿಲ್ಸಿದ್ದಕ್ಕೆ ಒಂದು ತಿಂಗ್ಳು ಗೇಟಲ್ಲಿ ನಿಲ್ಸಿ, ಬರೋ ಲಾರಿಗೆಲ್ಲ ಸಲ್ಯೂಟ್ ಹೊಡೆಸಿದ್ರು. ಡಿಪ್ಲೊಮಾ ಓದಿದೀನಿ ಮೇಡಂ. ಮತ್ತೆ ಆ ಗೇಟಿಗೆ ಹೋಗೋಕೆ ಆಗ್ತಿರಲಿಲ್ಲ."

2.25ಕ್ಕೆ ಬಂಧನ ಪತ್ರಕ್ಕೆ ಅವನ ಸಹಿಯಾಯಿತು. ಎರಡನೇ ಆರೋಪಿಯ ಸಾಲಿನಲ್ಲಿ ವನಜಾಕ್ಷಿ ಬರೆದಳು: ವೀರಭದ್ರಯ್ಯ, ಮ್ಯಾನೇಜರ್. ಚಿರಂಜೀವಿ ಜೀಪಿನ ಕೀಲಿ ತೆಗೆದುಕೊಂಡ. ಅಂಬರೀಶನನ್ನು ಬಿಡಬೇಕೆಂಬ ವರದಿಯನ್ನು ಕೋರ್ಟಿಗೆ ಒಯ್ಯಲು ಇನ್ನೂ ಸಮಯವಿತ್ತು.

ಮೇಜಿನ ಮೇಲೆ ಶವ ಪಂಚನಾಮೆಯ ಪೊಟ್ಟಣವೊಂದಿತ್ತು. ಬಸವೇಶ್ ಅದನ್ನೇ ದಿಟ್ಟಿಸುತ್ತಿದ್ದ.

"ಏನದು ಮೇಡಂ?"

"ಅವಳ ಮಡಿಲಲ್ಲಿದ್ದ ಕಡ್ಲೆಕಾಯಿ."

"ಎಷ್ಟು?"

ವನಜಾಕ್ಷಿ ಚೀಟಿ ಓದಿದಳು. "ಎರಡು ಹಿಡಿ."

"ಗೇಟಲ್ಲಿದ್ದಾಗ ನನ್ನ ಹತ್ರ ಮಾತಾಡ್ತಿದ್ದೋಳು ಅವ್ಳೊಬ್ಬಳೇ. ಆಗ್ನಿಂದ ದಿನಾ ಕೊಡೋಳು." ಅವನು ಗೋಡೆಯ ಕಡೆ ತಿರುಗಿದ. "ಅದ್ರಾಗೆ ಒಂದು ಹಿಡಿ ನಂದು."